ತಪ್ಪು ಪಂಪಿನದಾಗಿದ್ದರೆ

ಅಂಚೆಯವರ ಬದುಕೆಲ್ಲ ರಸ್ತೆಯ ಅಂಚಿನಲ್ಲೇ ಕಳೆಯುತ್ತದೆ ಎಂದು ನಾನು ಹೇಳಿದಾಗಲೆಲ್ಲ ನನ್ನಕ್ಕ ಆರ್ಡಿಸ್ ನಗುವುದಿಲ್ಲ. ಹತ್ತೊಂಬತ್ತು ವರ್ಷ ಆ ಅಂಚಿನಲ್ಲೇ ಕಾರು ಓಡಿಸಿದವಳಿಗೆ ಅದು ಮಾತಿನ ಚಮತ್ಕಾರವಲ್ಲ, ವಿಳಾಸ.

ನಮ್ಮ ಕಾರುಗಳಲ್ಲಿ ಸ್ಟೇರಿಂಗು ಎಡಕ್ಕೆ, ಹಳ್ಳಿ ರಸ್ತೆಯ ಅಂಚೆ ಡಬ್ಬಿಗಳು ಬಲಕ್ಕೆ. ನಮ್ಮಂಥ ರೂಟಿನವರಿಗೆ ಇಲಾಖೆಯ ಬಂಡಿ ಇಲ್ಲ; ನಮ್ಮದೇ ಕಾರು, ನಮ್ಮದೇ ಮೈ. ಹಾಗಾಗಿ ವಿಸ್ಕಾನ್ಸಿನ್ನಿನ ನಮ್ಮ ಕಡೆಯವರು ಮುಂದೆ ಮಂಚದಂಥ ಒಂದೇ ಉದ್ದ ಸೀಟಿರುವ ಹಳೆಯ ಕಾರೊಂದನ್ನು ಹುಡುಕಿ ತರುತ್ತಾರೆ. ಬಲಕ್ಕೆ ಕೂತು, ಎಡಗಾಲನ್ನು ಆಚೆ ಚಾಚಿ ಬ್ರೇಕು ತುಳಿದು, ಎಡಗೈ ಒಂದರಲ್ಲೇ ಸ್ಟೇರಿಂಗು ಹಿಡಿದು, ಬಲಗೈಯಿಂದ ಡಬ್ಬಿಗೆ ಕಾಗದ ತುಂಬುತ್ತಾರೆ. ಆರ್ಡಿಸಳ ರೂಟು ಅರವತ್ತೆರಡು ಮೈಲಿ, ನಾನೂರ ಹನ್ನೊಂದು ಡಬ್ಬಿ. ಪ್ರತಿ ಡಬ್ಬಿಗೂ ಸ್ಟೇರಿಂಗು ಒಮ್ಮೆ ಅಂಚಿಗೆ, ಒಮ್ಮೆ ರಸ್ತೆಗೆ ತಿರುಗಬೇಕು. ಕ್ರಿಸ್‌ಮಸ್ ಊಟದ ಮೇಲೆ ಅವಳ ಎಡಗೈಯ ಜೊತೆ ಪಂಜಾ ಕುಸ್ತಿ ಹಿಡಿಯಲು ಯಾರೂ ಒಪ್ಪುತ್ತಿರಲಿಲ್ಲ, ಅವಳ ಗಂಡ ವರ್ಲಿನ್ ಕೂಡ. ಕೌಂಟಿಯ ಹಿಮ ತಳ್ಳುವ ಲಾರಿಗಳನ್ನು ರಿಪೇರಿ ಮಾಡುವ ಮನುಷ್ಯ ಅವನು. ಲಾರಿಯ ಕೆಳಗೆ ಮಲಗಲು ತಯಾರು, ಹೆಂಡತಿಯ ಕೈಕೆಳಗೆ ಮಲಗಲು ನಾಚಿಕೆ.

ನಾನು ಲೀಲಂಡ್, ಅವಳ ತಮ್ಮ. ಅಂಚೆ ಕಚೇರಿಯಲ್ಲಿ ಅವಳ ಬದಲಿ. ಶನಿವಾರಗಳಲ್ಲಿ ಮತ್ತು ಅವಳು ರಜೆ ಹಾಕಿದ ದಿನ ಆ ರೂಟು ನನ್ನದು. ಬದಲಿಯವನು ಖಾಯಂ ಆಗಬೇಕಾದರೆ ಖಾಯಂ ಆದವರು ಬಿಡಬೇಕು. ಒಂಬತ್ತು ವರ್ಷದಿಂದ ಕಾಯುತ್ತಿದ್ದೆ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ಕಳೆದ ಚಳಿಗಾಲದಲ್ಲಿ ಆರ್ಡಿಸ್ ಮೊದಲ ಸಲ, “ಸ್ಟೇರಿಂಗು ಭಾರ ಆಗಿದೆ” ಎಂದಳು. ನಿಜಕ್ಕೂ ಆಗಿತ್ತು. ಚಕ್ರ ಹೊರಳಿಸಲು ನೆರವಾಗುವ ಪವರ್ ಸ್ಟೇರಿಂಗಿನ ಪಂಪು ಕಾರು ತಿರುಗಿದಾಗಲೆಲ್ಲ ನರಳುತ್ತಿತ್ತು. ಆಮೇಲೆ ಅವಳು ಎರಡು ಡಬ್ಬಿಗಳಿಗೆ ಕಾರು ಗುದ್ದಿಸಿದಳು. ಆಮೇಲೆ ಕೋಟಿನ ಗುಂಡಿ ಹಾಕಲು ಬಲಗೈ ಒಂದನ್ನೇ ಬಳಸತೊಡಗಿದಳು. ಎಡಗೈಯ ಹೆಬ್ಬೆರಳ ಬುಡದಲ್ಲಿ ಉಬ್ಬಿದ ಮಾಂಸವಿರುತ್ತದಲ್ಲ, ಅದು ಅವಳಿಗೆ ಇಳಿದು ಗುಳಿಬಿದ್ದಿತ್ತು. ಬೆಣ್ಣೆಯ ಮೇಲೆ ಯಾರೋ ಬೆರಳೊತ್ತಿದ ಹಾಗೆ.

ಮಾರ್ಚಿನಲ್ಲಿ ಮೂವರೂ ದೊಡ್ಡ ಊರಿನ ಆಸ್ಪತ್ರೆಗೆ ಹೋದೆವು. ಡಾಕ್ಟರು ತೋಳಿನ ಉದ್ದಕ್ಕೂ ಸೂಜಿ ಚುಚ್ಚಿ, ಯಂತ್ರದ ಪರದೆ ನೋಡಿ, ಉದ್ದನೆಯದೊಂದು ಹೆಸರು ಹೇಳಿದರು. ನರ ಸಾಯುತ್ತದೆ, ಅದರ ಹಿಂದೆ ಸ್ನಾಯು ಸಾಯುತ್ತದೆ. ಒಂದು ಕೈ, ಇನ್ನೊಂದು ಕೈ, ಕಾಲು, ನುಂಗುವುದು, ಕೊನೆಗೆ ಉಸಿರು. ಮದ್ದಿಲ್ಲ. “ಆದರೆ ಇನ್ನೂ ಖಚಿತವಾಗಿ ಹೇಳೋದಿಲ್ಲ. ಮೂರು ತಿಂಗಳು ಬಿಟ್ಟು ಬನ್ನಿ. ಕೈ ಚೇತರಿಸ್ಕೊಂಡಿದ್ರೆ ನಾನು ಹೇಳಿದ್ದು ತಪ್ಪು” ಎಂದರು. ಡಾಕ್ಟರರ ದನಿ ಮೂಗಿನಿಂದ ಬರುತ್ತಿತ್ತು. ಬೇರೆ ದಿನವಾಗಿದ್ದರೆ ಆಸ್ಪತ್ರೆಯ ಬಾಗಿಲು ದಾಟುವ ಮೊದಲೇ ಅದರ ನಕಲು ಮಾಡಿ ಅಕ್ಕನನ್ನು ನಗಿಸುತ್ತಿದ್ದೆ.

ವಾಪಸು ಬರುವಾಗ ನಾನೇ ಓಡಿಸುತ್ತಿದ್ದೆ. ಹಿಂದಿನ ಸೀಟಿನಲ್ಲಿ ಕೂತ ವರ್ಲಿನ್ ಎಪ್ಪತ್ತು ಮೈಲಿ ಕಿಟಕಿಯಾಚೆಯೇ ನೋಡುತ್ತಿದ್ದ. ಆಮೇಲೆ ಕೇಳಿದ, “ಆ ಡಾಕ್ಟ್ರು ಕಾರು ಓಡಿಸಿ ನೋಡಿದ್ನಾ?”

“ಯಾವ ಕಾರು?” ಎಂದಳು ಆರ್ಡಿಸ್.

“ನಿನ್ನ ಕಾರು. ಅದರ ಪಂಪು ಹೋಗಿದೆ. ಒಂದು ವರ್ಷದಿಂದ ಸತ್ತ ಪಂಪಿನ ಕೆಲಸಾನೂ ನೀನೇ ಮಾಡ್ತಿದೀಯ, ಅದೂ ಒಂದೇ ಕೈಲಿ. ದಿನಕ್ಕೆ ಎಂಟುನೂರು ಸಲ. ಜೋಡೆತ್ತಿನ ಗಾಡಿಗೆ ಒಂಟಿ ಎತ್ತು ಕಟ್ಟಿದ್ರೆ ಅದು ಸೊರಗದೆ ಇರತ್ತಾ?”

“ಸೂಜಿ ಚುಚ್ಚಿ ನೋಡಿದ್ರಲ್ಲ ವರ್ಲಿನ್.”

“ಸೂಜಿಗೇನು ಗೊತ್ತು? ನೀನು ಎಲ್ಲಿ ಕೂತು ಓಡಿಸ್ತೀಯ ಅಂತ ಕೇಳಿದ್ನಾ ಅವನು? ಕೇಳ್ಲಿಲ್ಲ. ಮೊದಲು ಪಂಪ್ ಬದಲಾಯಿಸೋಣ. ಸ್ಟೇರಿಂಗು ಹಗುರ ಆಯ್ತು ಅಂದ್ರೆ ಮೂರು ತಿಂಗಳಲ್ಲಿ ಕೈ ತುಂಬ್ಕೊಳತ್ತೆ. ಆಮೇಲೆ ಹೋಗಿ ಆ ಡಾಕ್ಟ್ರ ಜೊತೆ ಪಂಜಾ ಹಿಡಿ.”

ಆರ್ಡಿಸ್ ನಕ್ಕಳು. ಆ ದಿನದ ಮೊದಲ ನಗು. ನಾನು ಕನ್ನಡಿಯಲ್ಲಿ ವರ್ಲಿನ್ನನ ಮುಖ ನೋಡಿದೆ; ತಮಾಷೆ ಮಾಡುವವನ ಮುಖವಾಗಿರಲಿಲ್ಲ. ಇನ್ನು ಇಪ್ಪತ್ತು ಮೈಲಿ ಕಳೆಯುವ ಹೊತ್ತಿಗೆ ನನಗೂ ಅದು ಸರಿ ಎನ್ನಿಸತೊಡಗಿತ್ತು. ಹಳ್ಳಿ ರೂಟಿನವರಲ್ಲಿ ಎಡ ಭುಜ ಇಳಿಯದವರು ಯಾರಿದ್ದಾರೆ? ನನ್ನದೇ ಶನಿವಾರದ ಸಂಜೆ ನೋಯುತ್ತದೆ. ಪಂಪು ಕೈಕೊಟ್ಟಿದೆ ಎನ್ನುತ್ತೇವೆ. ಕೈಯೇ ಕೈಕೊಟ್ಟರೆ ಏನೆನ್ನಬೇಕೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಏಪ್ರಿಲಿನ ಒಂದು ಶನಿವಾರ ರೂಟು ಮುಗಿಸಿ ಬಂದೆ. ವರ್ಲಿನ್ ನನ್ನನ್ನು ಬಿಡಿಭಾಗದ ಅಂಗಡಿಗೆ ಕರೆದುಕೊಂಡು ಹೋದ. ಕೌಂಟರಿನ ಹಿಂದೆ ಡ್ಯೂಯಿ. ಅವನು ಗಿರಾಕಿ ಬಾಯಿಬಿಡುವ ಮೊದಲೇ ತಲೆ ಅಲ್ಲಾಡಿಸಲು ಶುರುಮಾಡುವ ಮನುಷ್ಯ.

“ಏನ್ ಸದ್ದು ಮಾಡತ್ತೆ?” ಎಂದು ಡ್ಯೂಯಿ ಕೇಳಿದ.

“ಲೀ, ಮಾಡಿ ತೋರ್ಸು” ಎಂದ ವರ್ಲಿನ್.

ನಾನು ಮಾಡಿದೆ. ಮೊದಲು ತಣ್ಣಗಿದ್ದಾಗಿನ ಸದ್ದು: ಹಟ್ಟಿಯಲ್ಲಿ ಬಿಟ್ಟುಹೋದ ಕರು ಅಂಬಾ ಎನ್ನುವ ಹಾಗೆ. ಆಮೇಲೆ ಬಿಸಿಯಾದಾಗಿನದು: ಚರ್ಚಿನಲ್ಲಿ ಎಲ್ಲರೂ ಹಾಡು ನಿಲ್ಲಿಸಿದ ಮೇಲೂ ಹಿಂದಿನ ಸಾಲಿನ ಅಜ್ಜಿ ಕೊನೆಯ ಸ್ವರ ಬಿಡದೆ ಎಳೆಯುವ ಹಾಗೆ. ಅಂಗಡಿಯಲ್ಲಿದ್ದ ಇಬ್ಬರು ರೈತರು ತಿರುಗಿ ನೋಡಿದರು. ವರ್ಲಿನ್ ನನ್ನ ಮೊಣಕೈ ತಿವಿದು, “ಅಷ್ಟೇ ಅಲ್ಲ, ಇನ್ನೂ ಜೋರು” ಎಂದ. ಇನ್ನೂ ಜೋರಾಗಿ ಮಾಡಿದೆ. ಕಾರು ಮಾಡುವುದಕ್ಕಿಂತ ಜೋರಾಗಿ.

ಡ್ಯೂಯಿ ಕಣ್ಣು ಮುಚ್ಚಿ ಕೇಳಿಸಿಕೊಂಡ. “ಪಂಪೇ. ಅನುಮಾನಾನೇ ಇಲ್ಲ. ವರ್ಷದ ಹಿಂದೇನೇ ಬದಲಾಯಿಸಬೇಕಿತ್ತು.”

“ಕೇಳಿದ್ಯಾ?” ವರ್ಲಿನ್ ನನ್ನ ಕಡೆ ತಿರುಗಿದ.

“ನಾನು ಮಾಡಿದ ಸದ್ದಿಗೆ ಹೇಳ್ದ ಅವನು, ಕಾರಿನದಕ್ಕಲ್ಲ.”

“ಎರಡೂ ಒಂದೇ. ಸುಮ್ನಿರು.”

ಡ್ಯೂಯಿ ಒಳಗಿನಿಂದ ಹೊಸ ಪಂಪಿನ ಡಬ್ಬ ತಂದಿಟ್ಟು, ಪಂಪಿನ ಬೆಲ್ಟು ಓಡುವ ಪುಲ್ಲಿಯನ್ನು ಎಳೆದು ತೆಗೆಯುವ ಸಾಧನವನ್ನು ಎರವಲು ಕೊಟ್ಟ. ಅದು ಆ ಅಂಗಡಿಯ ಪದ್ಧತಿ. ಯಾರಿಗೆ ಬೇಕಾದರೂ ಕೊಡುತ್ತಾರೆ, ಸೋಮವಾರ ಹಿಂತಿರುಗಿಸಬೇಕು. “ಆರ್ಡಿಸ್ ಹೇಗಿದಾಳೆ? ಮೊನ್ನೆ ಹುಷಾರಿಲ್ಲ ಅಂತ ಯಾರೋ ಅಂದ್ರು.”

“ಈ ಪಂಪು ಹಾಕಿದ್ರೆ ಸರಿಹೋಗ್ತಾಳೆ” ಎಂದ ವರ್ಲಿನ್.

ಡ್ಯೂಯಿ ಹೊಟ್ಟೆ ಹಿಡಿದು ನಕ್ಕ. “ನನ್ನ ಹೆಂಡತಿಗೂ ಒಂದು ತರಿಸಿಕೊಳ್ಳಬೇಕು ಹಂಗಾದ್ರೆ” ಎಂದ. ವರ್ಲಿನ್ ನಗಲಿಲ್ಲ. ಡಬ್ಬವನ್ನು ಎದೆಗವಚಿಕೊಂಡು ಹೊರಟ.

ಮಾರನೆಯ ದಿನ ಚರ್ಚು ಮುಗಿಸಿ, ಹಂದಿಮಾಂಸದ ಸ್ಯಾಂಡ್‌ವಿಚ್ ತಿಂದು, ಗ್ಯಾರೇಜಿನ ಬಾಗಿಲು ಮೇಲೆತ್ತಿ ಕೆಲಸ ಶುರುಮಾಡಿದೆವು. ಅಂಗಳದ ಮಣ್ಣಿನಲ್ಲಿ ಕರಗಿದ ಹಿಮದ ನೀರು ಇನ್ನೂ ನಿಂತಿತ್ತು. ಆರ್ಡಿಸ್ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಎರಡೂ ಕೈಯಲ್ಲಿ ಕಾಫಿಯ ಲೋಟ ಹಿಡಿದುಕೊಂಡಿದ್ದಳು. ಚಳಿಗೆ ಎಲ್ಲರೂ ಹಾಗೇ ಹಿಡಿಯುತ್ತಾರೆ. ಹಾಗೆಂದು ನಾನು ನನಗೇ ಹೇಳಿಕೊಂಡೆ.

ವರ್ಲಿನ್ ಪಂಪಿನ ಬೆಲ್ಟು ಬಿಚ್ಚಿದ. ಸಾಧನವನ್ನು ಪುಲ್ಲಿಗೆ ಕಚ್ಚಿಸಿ ತಿರುಪು ಸುತ್ತಿದ. ತುಕ್ಕು ಹಿಡಿದ ಪುಲ್ಲಿ ಮೊದಲು ಜಗ್ಗಲಿಲ್ಲ, ಆಮೇಲೆ ಚಟ್ ಎಂದು ಶಬ್ದ ಮಾಡಿ ಕೂದಲೆಳೆಯಷ್ಟು ಹೊರಗೆ ಬಂತು. ಅವನು ಬೈಯಲಿಲ್ಲ. ವರ್ಲಿನ್ ಬೈಯದೆ ತುಕ್ಕಿನ ಬೋಲ್ಟು ಬಿಚ್ಚಿದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು. ಮೂರು ಬೋಲ್ಟು, ಎರಡು ಪೈಪು. ಪೈಪು ಕಳಚಿದಾಗ ಸೋರಿದ ಎಣ್ಣೆ ಸುಟ್ಟ ಕಾಫಿಯ ಬಣ್ಣಕ್ಕಿತ್ತು. ಹಳೆಯ ಪಂಪನ್ನು ಹೊರಗೆಳೆದು ಅದರ ದಂಡವನ್ನು ಬೆರಳಲ್ಲಿ ತಿರುಗಿಸಿದ. ಒಳಗೆ ಮರಳು ಅರೆದ ಹಾಗಾಯಿತು.

“ಆರ್ಡಿಸ್, ಇಲ್ಲಿ ಬಾ. ತಿರುಗಿಸಿ ನೋಡು.”

ಅವಳು ಬಂದು ಬಲಗೈಯಲ್ಲಿ ತಿರುಗಿಸಿದಳು. “ಅಯ್ಯೋ, ಪೂರ್ತಿ ಸವೆದಿದೆ.”

“ಸವೆದಿದೆ ಅಲ್ವಾ? ಸತ್ತೇ ಹೋಗಿದೆ. ಇದನ್ನ ಹೊತ್ಕೊಂಡು ಇಷ್ಟು ದಿನ ಓಡಿಸಿದೀಯ.” ಅವನ ದನಿಯಲ್ಲಿ ಸಂತೋಷವಿತ್ತು. “ಆ ಡಾಕ್ಟ್ರ ಕೈಗೆ ಇದನ್ನ ಕೊಡಬೇಕು. ಚುಚ್ಚು ಅನ್ನಬೇಕು, ಇದಕ್ಕೆ ಚುಚ್ಚು ಸೂಜಿ.”

“ಮೂಗಲ್ಲಿ ಏನೋ ಒಂದು ಹೆಸರು ಹೇಳ್ತಾರೆ ಅದಕ್ಕೂ” ಎಂದು ನಾನು ಡಾಕ್ಟರರ ದನಿ ತೆಗೆದೆ. “ನೋಡೀಮ್ಮಾ, ನಿಮ್ಮ ಪಂಪು ಇನ್ನು ಮೂರು ತಿಂಗಳು ಬಿಟ್ಟು ಬರಲಿ.”

ಮೂವರೂ ನಕ್ಕೆವು. ಆರ್ಡಿಸ್ ಲೋಟ ತುಳುಕಿಸುವಷ್ಟು ನಕ್ಕಳು. ಆ ಅರ್ಧ ಗಂಟೆ ನಮಗೆ ರೋಗವಿರಲಿಲ್ಲ. ಪಂಪು ನಿಜಕ್ಕೂ ಕೆಟ್ಟಿತ್ತು. ಅದು ನಮಗೆ ಸಾಕಾಗಿತ್ತು. ಒಂದು ವಸ್ತು ಕೆಟ್ಟಿರುವಾಗ ಇನ್ನೊಂದೂ ಕೆಟ್ಟಿರಬಹುದೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಹೊಸ ಪಂಪು ಕೂತಿತು. ಪುಲ್ಲಿಯನ್ನು ಸುತ್ತಿಗೆಯಿಂದ ಹೊಡೆದು ಕೂರಿಸುವವರಿದ್ದಾರೆ. ಅವರಿಗೆ ಮುಂದಿನ ಭಾನುವಾರವೂ ಅದೇ ಕೆಲಸ. ವರ್ಲಿನ್ ತಿರುಪಿನಿಂದ ಎಳೆ ಎಳೆಯಾಗಿ ಒತ್ತಿ ಕೂರಿಸಿದ, ಕೈಗೆ ಬಳೆ ಏರಿಸುವವನ ತಾಳ್ಮೆಯಿಂದ. ಹೊಸ ಎಣ್ಣೆ ಸುರಿದ. ಕಾರಿನ ಮುಂಭಾಗವನ್ನು ಜಾಕಿಯಿಂದ ಎತ್ತಿ, ಎರಡೂ ಚಕ್ರ ನೆಲ ಬಿಡುವಂತೆ ಆನಿಕೆ ಕೊಟ್ಟ.

ಹೊಸ ಪಂಪು ಹಾಕಿದ ತಕ್ಷಣ ಎಂಜಿನ್ ಚಾಲೂ ಮಾಡುವಂತಿಲ್ಲ. ಒಳಗೆ ಗಾಳಿ ಇರುತ್ತದೆ. ಗಾಳಿಯಲ್ಲಿ ಓಡಿದರೆ ಪಂಪು ತನ್ನನ್ನು ತಾನೇ ತಿಂದುಕೊಳ್ಳುತ್ತದೆ. ಚಕ್ರಗಳು ಗಾಳಿಯಲ್ಲಿರುವಾಗ ಸ್ಟೇರಿಂಗನ್ನು ಕೈಯಿಂದಲೇ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ, ಇಪ್ಪತ್ತು ಸಲ ತಿರುಗಿಸಬೇಕು. ಒಬ್ಬರು ಎಣ್ಣೆಯ ಬಾಯಿಯಲ್ಲಿ ಗುಳ್ಳೆ ನಿಲ್ಲುವವರೆಗೆ ನೋಡುತ್ತಿರಬೇಕು. ನೆಲಕ್ಕೆ ಮುಟ್ಟದ ಚಕ್ರಕ್ಕೆ ಹೆಚ್ಚು ಬಲ ಬೇಡ. ಶಾಲೆಯ ಮಕ್ಕಳೂ ತಿರುಗಿಸುತ್ತಾರೆ.

“ಲೀ, ಒಳಗೆ ಕೂತ್ಕೊ” ಎಂದ ವರ್ಲಿನ್.

“ನಾನು ಕೂರ್ತೀನಿ” ಎಂದಳು ಆರ್ಡಿಸ್. “ನನ್ನ ಕಾರು.”

ಅವಳು ಬಲಗಡೆಯ ಬಾಗಿಲು ತೆರೆದು ತನ್ನ ಜಾಗದಲ್ಲಿ ಕೂತಳು, ಕಾಲು ಆಚೆ ಚಾಚಿ, ಎಡಗೈ ಸ್ಟೇರಿಂಗಿನ ಮೇಲೆ. ವರ್ಲಿನ್ ಎತ್ತಿದ ಬಾನೆಟ್ಟಿನ ಹಿಂದೆ ಬಗ್ಗಿದ. ಅವನಿಗೆ ಒಳಗಿನದು ಕಾಣುತ್ತಿರಲಿಲ್ಲ. ನಾನು ಬಲ ಚಕ್ರದ ಪಕ್ಕ ಮಂಡಿಯೂರಿದೆ. ಚಕ್ರ ಕೊನೆ ಮುಟ್ಟಿದಾಗ ಕೂಗಿ ಹೇಳುವುದು ನನ್ನ ಕೆಲಸ. ತೆರೆದ ಬಾಗಿಲಿನಿಂದ ಅಕ್ಕ ನನಗೆ ಪೂರ್ತಿ ಕಾಣುತ್ತಿದ್ದಳು.

“ಎಡಕ್ಕೆ” ಎಂದ ವರ್ಲಿನ್.

“ಮುಟ್ತು” ಎಂದೆ.

“ಬಲಕ್ಕೆ. ಗುಳ್ಳೆ ಬರ್ತಿದೆ, ಚೆನ್ನಾಗಿ ಬರ್ತಿದೆ. ಎರಡು.”

ನಾಲ್ಕರವರೆಗೆ ಅವಳು ತಿರುಗಿಸಿದಳು. ಐದನೆಯದಕ್ಕೆ ಬಲಗೈಯಿಂದ ಎಡ ಮಣಿಕಟ್ಟನ್ನು ಹಿಡಿದು ನೂಕಿದಳು. ಏಳನೆಯದಕ್ಕೆ ಚಕ್ರ ಅರ್ಧದಲ್ಲಿ ನಿಂತಿತು. ಅವಳ ಬೆರಳುಗಳು ಸ್ಟೇರಿಂಗನ್ನು ಸುತ್ತಿಕೊಂಡಿರಲಿಲ್ಲ, ಅದರ ಮೇಲೆ ಸುಮ್ಮನೆ ಒರಗಿದ್ದವು. ಬಲಗೈಯಿಂದಲೇ ಸ್ಟೇರಿಂಗು ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಇದು ಎಡಗೈಯ ಪರೀಕ್ಷೆ ಎಂದು ಅವಳಿಗೂ ಗೊತ್ತಿತ್ತು.

“ಯಾಕೆ, ಏನಾಯ್ತು?” ಬಾನೆಟ್ಟಿನ ಹಿಂದಿನಿಂದ ವರ್ಲಿನ್ನನ ದನಿ.

ನಾನು ಎರಡೂ ಕೈಯಿಂದ ಟಯರು ಹಿಡಿದು ತಳ್ಳಿದೆ. ಚಕ್ರ ಹೊರಳಿತು. ಒಳಗೆ ಸ್ಟೇರಿಂಗು ತಾನಾಗಿ ತಿರುಗಿ ಅವಳ ಅಂಗೈಯ ಅಡಿ ಜಾರಿತು.

“ಏನಿಲ್ಲ. ಮುಟ್ತು” ಎಂದೆ.

ಆರ್ಡಿಸ್ ನನ್ನನ್ನು ನೋಡಿದಳು. ಬೇಡ ಎನ್ನಬಹುದಿತ್ತು. ಅನ್ನಲಿಲ್ಲ. ಕೈಯನ್ನು ಸ್ಟೇರಿಂಗಿನ ಮೇಲೆ ಇಟ್ಟುಕೊಂಡು, ಅದು ಹೋದಲ್ಲಿಗೆ ಹೋಗಲು ಬಿಟ್ಟಳು. ಎಂಟು, ಒಂಬತ್ತು, ಹತ್ತು. ನಾನು ಎಡಕ್ಕೆ ತಳ್ಳಿದೆ, ಬಲಕ್ಕೆ ಎಳೆದೆ. ವರ್ಲಿನ್ ಎಣಿಸುತ್ತಿದ್ದ. ಹದಿಮೂರರ ಹೊತ್ತಿಗೆ ಅವನ ಎಣಿಕೆಗೆ ಒಂದು ರಾಗ ಹತ್ತಿತ್ತು.

“ಹೇಗಿದೆ ಆರ್ಡಿಸ್? ಹಗುರ ಆಯ್ತಾ?”

“ಆಯ್ತು” ಎಂದಳು.

“ಎಂಜಿನ್ ಇಲ್ದೇನೇ ಹಿಂಗೆ. ಇನ್ನು ಎಂಜಿನ್ ಶುರು ಆದ್ರೆ ಬೆರಳಲ್ಲಿ ತಿರುಗಿಸ್ತೀಯ. ನಾನು ಹೇಳ್ಲಿಲ್ವಾ? ಲೀ, ಅವತ್ತು ಕಾರಲ್ಲಿ ಹೇಳ್ಲಿಲ್ವಾ ನಾನು?”

“ಹೌದು, ಹೇಳಿದ್ದೆ ನೀನು.”

“ಅವನಿಗೆ ಏನು ಗೊತ್ತು ಡಾಕ್ಟ್ರಿಗೆ. ಹದಿನೆಂಟು.”

ಇಷ್ಟು ವರ್ಷ ಊರಿನವರ ದನಿಗಳನ್ನೆಲ್ಲ ನಕಲು ಮಾಡಿದ್ದೆ. ಆ ಮಧ್ಯಾಹ್ನ ಒಂದು ಕೈಯ ನಕಲು ಮಾಡಿದೆ. ನನ್ನ ನಕಲುಗಳಲ್ಲೆಲ್ಲ ಯಾರೂ ಗುರುತು ಹಿಡಿಯದೆ ಹೋದದ್ದು ಅದೊಂದೇ.

ವರ್ಲಿನ್ ಜಾಕಿ ಇಳಿಸಲು ಬಗ್ಗಿದಾಗ ಆರ್ಡಿಸ್ ನನಗೊಬ್ಬನಿಗೆ ಕೇಳುವಷ್ಟು ಮೆಲ್ಲಗೆ, “ಇನ್ನು ಸಾಕು ಲೀ” ಎಂದಳು. ಹೇಗೂ ಇನ್ನು ನನ್ನಿಂದ ಆಗುವುದೇನೂ ಇರಲಿಲ್ಲ. ಟಯರುಗಳು ಕಾಂಕ್ರೀಟಿಗೆ ಕೂತವು. ಎಂಜಿನ್ ಸಮೇತ ಕಾರಿನ ಭಾರವೆಲ್ಲ ಅವುಗಳ ಮೇಲೆ ಬಂತು.

ವರ್ಲಿನ್ ಎಡಗಡೆಯ ಕಿಟಕಿಯಿಂದ ಕೈ ಹಾಕಿ ಕೀಲಿ ತಿರುಗಿಸಿದ. ಎಂಜಿನ್ ಹತ್ತಿತು. ಪಂಪಿನದು ಒಂದು ಸದ್ದೂ ಇಲ್ಲ. ಅವನು ಕಣ್ಣರಳಿಸಿ ನನ್ನ ಕಡೆ ನೋಡಿ, ಕಿಟಕಿಯ ಮೇಲೆ ಮೊಣಕೈಯೂರಿದ.

“ಈಗ ತಿರುಗಿಸು. ಡಬ್ಬಿ ಹತ್ರ ಹೋಗ್ತೀಯಲ್ಲ, ಹಾಗೆ.”

ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು, ಭುಜದಿಂದ ತೋಳನ್ನು ಎತ್ತಿ ಸ್ಟೇರಿಂಗಿನ ಮೇಲಿಟ್ಟಳು. ಸ್ಟೇರಿಂಗು ಒಂದು ಗೇಣು ಸರಿಯಿತು. ಅವಳು ಮೈಯನ್ನೆಲ್ಲ ಬಲಕ್ಕೆ ವಾಲಿಸಿ ಎಳೆದಳು. ಇನ್ನೊಂದು ಬೆರಳಗಲ. ಆಮೇಲೆ ಕೈ ಕಳಚಿ ಸೀಟಿನ ಮೇಲೆ ಬಿತ್ತು.

“ಹಿಡಿ, ಸರಿಯಾಗಿ ಹಿಡಿ” ಎಂದ ವರ್ಲಿನ್.

ಮತ್ತೆ ಇಟ್ಟಳು. ಮತ್ತೆ ಬಿತ್ತು.

“ಏನಾಗತ್ತೆ ಅದು? ಹಗುರ ಇದೆಯಲ್ಲ. ನೋಡಿಲ್ಲಿ” ಎನ್ನುತ್ತ ಅವನು ಕಿಟಕಿಯಿಂದ ಕೈ ಚಾಚಿ, ತೋರುಬೆರಳನ್ನು ಸ್ಟೇರಿಂಗಿನ ಕಡ್ಡಿಗೆ ಸಿಕ್ಕಿಸಿ ತಿರುಗಿಸಿದ. ಒಂದೇ ಬೆರಳು. ಸ್ಟೇರಿಂಗು ಪೂರ್ತಿ ಬಲಕ್ಕೆ ಹೋಯಿತು. ಪೂರ್ತಿ ಎಡಕ್ಕೆ ಬಂತು. ಮತ್ತೆ ಬಲಕ್ಕೆ ಹೋಗುತ್ತ ಅರ್ಧದಲ್ಲಿ ನಿಂತಿತು. ಅವನ ಬೆರಳು ಅಲ್ಲೇ ಇತ್ತು. ತಾನು ಏನು ತೋರಿಸಿದೆ ಎಂಬುದು ಅವನಿಗೆ ಆಗ ಅರ್ಥವಾಯಿತು.

ಎಂಜಿನ್ ಸಣ್ಣಗೆ ಓಡುತ್ತಿತ್ತು. ಯಾರೂ ಆರಿಸಲಿಲ್ಲ.

“ಬೆಲ್ಟು ಸ್ವಲ್ಪ ಸಡಿಲ ಇರಬೇಕು” ಎಂದ ವರ್ಲಿನ್.

“ಇಲ್ಲ” ಎಂದಳು ಆರ್ಡಿಸ್.

“ಮುಂದಿನ ಟಯರಿಗೆ ಗಾಳಿ ಕಮ್ಮಿ ಆಗಿದ್ರೂ ಹಿಂಗೇ.”

“ವರ್ಲಿನ್.”

“ಡ್ಯೂಯಿ ಕೊಟ್ಟಿದ್ದೇ ಸರಿ ಇಲ್ಲದ ಪಂಪು ಇರಬಹುದು. ಬೇರೆ ತರಿಸ್ತೀನಿ. ನಾಳೇನೇ ಬಿಚ್ತೀನಿ ಇದನ್ನ.”

“ಒಳ್ಳೆ ಕೆಲಸ ಮಾಡಿದೀಯ” ಎಂದಳು ಅವಳು. “ಇದರಲ್ಲಿ ಏನೂ ತಪ್ಪಿಲ್ಲ.” ಆಮೇಲೆ ಬಲಗೈಯಿಂದ ಎಡಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ತಪ್ಪು ಮನೆಗೆ ಬಂದ ಕಾಗದವನ್ನು ಏನು ಮಾಡಬೇಕೆಂದು ತಿಳಿಯದೆ ಎತ್ತಿಡುವ ಹಾಗಿತ್ತು ಅದು.

ಅವಳೇ ಹೇಳಿದಳು: “ನಾಳೆ ರೂಟು ಲೀ ಮಾಡ್ಲಿ.”

ನಾಳೆ ಎಂದಳು, ಅಷ್ಟೇ. ಆ ನಾಳೆಗೆ ಕೊನೆಯಿಲ್ಲವೆಂದು ಮೂವರಿಗೂ ಗೊತ್ತಿತ್ತು. ನಾನು ಒಂಬತ್ತು ವರ್ಷ ಕಾದದ್ದು ಬಂದಿತ್ತು. ಗ್ಯಾರೇಜಿನ ನೆಲದಲ್ಲಿ ಚೆಲ್ಲಿದ ಎಣ್ಣೆಯನ್ನು ಬಟ್ಟೆಯಿಂದ ಒರೆಸತೊಡಗಿದೆ. ಅವರಿಬ್ಬರ ಮುಖ ನೋಡದಿರಲು ಬೇರೆ ಕೆಲಸ ಕಾಣಲಿಲ್ಲ.

ವರ್ಲಿನ್ ಅವಳನ್ನು ಕಾರಿನಿಂದ ಇಳಿಸಿದ. ಅವಳ ಕಾಲುಗಳು ಆಗಿನ್ನೂ ಚೆನ್ನಾಗಿದ್ದವು, ಇಳಿಸುವ ಅಗತ್ಯವಿರಲಿಲ್ಲ. ಆದರೂ ಇಳಿಸಿದ. ಅವಳು ಒಳಗೆ ಹೋದಳು. ಅವನು ಪಾನಾಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಯಲ್ಲಿಟ್ಟು, “ಈ ಕಾರೇ ತಗೊಂಡು ಹೋಗು. ರೂಟಿಗೆ ಬೇಕಾಗತ್ತೆ” ಎಂದ.

“ನನ್ನ ಹತ್ರ ಇದೆಯಲ್ಲ ವರ್ಲಿನ್.”

“ಅದು ಹಳೇ ಡಕೋಟ ಗಾಡಿ. ತಗೊಂಡು ಹೋಗು ಅಂದೆ.”

ನಾನು ಕೂತು ಕಾರನ್ನು ನಿಧಾನವಾಗಿ ಅಂಗಳಕ್ಕೆ ಇಳಿಸಿದೆ. ಅವನು ಕಿಟಕಿಯ ಅಂಚು ಹಿಡಿದು ಪಕ್ಕದಲ್ಲೇ ನಡೆದುಬಂದ, ತಲೆ ಬಾನೆಟ್ಟಿನ ಕಡೆ ಬಗ್ಗಿಸಿ.

“ಏನಾದ್ರೂ ಸದ್ದು ಬರ್ತಿದೆಯಾ?”

“ಇಲ್ಲ.”

“ತಿರುಗಿಸುವಾಗ ಕೇಳು. ಎಡಕ್ಕೆ ತಿರುಗಿಸು.”

ತಿರುಗಿಸಿದೆ. ಊದಿದರೆ ತಿರುಗುವಷ್ಟು ಹಗುರವಾಗಿತ್ತು.

“ಸಣ್ಣದು? ಗೊರಗೊರ ಅನ್ನೋ ಥರ? ಸರಿಯಾಗಿ ಕೇಳು ಲೀ, ನಿನ್ನ ಕಿವಿ ಚುರುಕು.”

ತಾನು ಮಾಡಿದ ಕೆಲಸದಲ್ಲಿ ಒಂದು ತಪ್ಪಾದರೂ ಇರಲಿ ಎಂದು ಅವನು ಬೇಡುತ್ತಿದ್ದ. ನಾನು ಗಾಜು ಪೂರ್ತಿ ಇಳಿಸಿ, ಉಸಿರು ಹಿಡಿದು ಕೇಳಿದೆ. ಟಯರಿನ ಅಡಿಯ ಜಲ್ಲಿ, ಅವನ ಬೂಟು, ಅಷ್ಟೇ.

“ಇಲ್ಲ ವರ್ಲಿನ್” ಎಂದೆ.

ಅವನು ಕಿಟಕಿ ಬಿಡಲಿಲ್ಲ. “ಮುಂದೆ ಹೋಗು” ಎಂದ. “ರಸ್ತೆವರೆಗೆ ಹೋಗು. ಅಲ್ಲಿ ಕೇಳಬಹುದು.”